ಮನೆಯ ಹಳೆಯ ಕಾರು: ಸ್ವಂತ ರಿಪೇರಿ ಎಲ್ಲಿಯವರೆಗೆ?



ನಮ್ಮ ಸದಸ್ಯರಲ್ಲಿ ಹಲವರ ಮನೆಯ ಶೆಡ್ಡಿನಲ್ಲಿ ಇಂದಿಗೂ ಒಂದು ಅಂಬಾಸಡರ್, ಒಂದು ಪದ್ಮಿನಿ ಅಥವಾ ಒಂದು ಹಳೆಯ ಜೀಪು ನಿಂತಿರುವುದುಂಟು. ಹಿರಿಯರು ಕೊಂಡ ಗಾಡಿ ಎಂಬ ಅಭಿಮಾನ ಕೆಲವರಿಗೆ. ಕಾಫಿ ಮೂಟೆ ಹೊತ್ತು, ಹೆರಿಗೆಗೆ ಆಸ್ಪತ್ರೆ ಮುಟ್ಟಿಸಿ, ಮಗಳ ದಿಬ್ಬಣಕ್ಕೂ ನಡೆದ ಗಾಡಿ ಎಂಬ ಋಣ ಇನ್ನು ಕೆಲವರಿಗೆ. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿಯದು ಅದಕ್ಕೂ ಎಷ್ಟೋ ಮೊದಲೇ ನಿಂತಿತ್ತು. ಇವುಗಳ ಮರ್ಮ ಬಲ್ಲ ಮೆಕ್ಯಾನಿಕ್‌ಗಳೂ ಈಗ ವಿರಳ. ಆದುದರಿಂದ ನಾವೇ ಸ್ಪ್ಯಾನರು ಹಿಡಿದು ಕಾರಿನಡಿ ನುಗ್ಗುವ ಸಂದರ್ಭಗಳು ಹೆಚ್ಚುತ್ತಿವೆ.

ಇದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ತೋಟದ ಕೆಲಸಕ್ಕಿರುವಂತೆಯೇ ಈ ಕೆಲಸಕ್ಕೂ ಒಂದು ಕ್ರಮವಿದೆ. ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತಿನ ನೀರನ್ನು ಸುಣ್ಣದ ತಿಳಿಗೆ ಸುರಿಯುತ್ತೇವೆಯೇ ಹೊರತು ಸುಣ್ಣವನ್ನು ತುತ್ತಿಗೆ ಸುರಿಯುವುದಿಲ್ಲ. ಕೊನೆಗೆ ಚಾಕುವಿನ ಅಲಗನ್ನು ಅದ್ದಿ ಪರೀಕ್ಷಿಸುತ್ತೇವೆ. ಅಲ್ಲಿ ಕ್ರಮ ತಪ್ಪಿದರೆ ಒಂದು ವರ್ಷದ ಫಸಲು ಕೊಳೆರೋಗಕ್ಕೆ ಹೋದೀತು. ಕಾರಿನ ವಿಷಯದಲ್ಲಿ ಕ್ರಮ ತಪ್ಪಿದರೆ ಹೋಗುವುದು ಮನುಷ್ಯರ ಜೀವ.

1. ಜಾಕು

ಜಾಕು ಇರುವುದು ಗಾಡಿಯನ್ನು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಅಂಬಾಸಡರಿನ ತೂಕ ಒಂದು ಟನ್ನಿಗೂ ಮಿಕ್ಕಿದ್ದು. ನಮ್ಮ ಅಂಗಳದ ಮಣ್ಣು ಮಳೆಗಾಲದಲ್ಲಿ ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಮೆತ್ತಗಿರುತ್ತದೆ. ಅದರ ಮೇಲೆ ನಿಲ್ಲಿಸಿದ ಜಾಕು ಒಂದು ಬದಿಗೆ ಕುಸಿದರೆ ಅಡಿಯಲ್ಲಿದ್ದವನಿಗೆ ಹೊರಗೆ ಬರಲು ಸಮಯವಿರುವುದಿಲ್ಲ. ಇಟ್ಟಿಗೆ, ಮುರಕಲ್ಲುಗಳನ್ನು ಆಸರೆ ಕೊಡುವ ರೂಢಿಯೂ ಅಪಾಯಕರ. ಅವು ಎಚ್ಚರಿಕೆ ಕೊಡದೆ ಸೀಳುತ್ತವೆ.

ಸಿಮೆಂಟಿನ ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಅಡ್ಡೆ ಕೊಟ್ಟು, ಕಬ್ಬಿಣದ ಸ್ಟ್ಯಾಂಡುಗಳನ್ನು ಚಾಸಿಯ ಗಟ್ಟಿ ಭಾಗಕ್ಕೆ ಇಟ್ಟು, ಗಾಡಿಯನ್ನು ಒಮ್ಮೆ ಅಲುಗಿಸಿ ನೋಡಿದ ಮೇಲೆಯೇ ಅಡಿಗೆ ಹೋಗಬೇಕು. ಹಳೆಯ ಗಾಡಿಯ ತಳದಲ್ಲಿ ತುಕ್ಕು ತಿಂದು ಕಾಗದದಂತಾದ ತಗಡೂ ಇರುತ್ತದೆ. ಸ್ಟ್ಯಾಂಡು ಇಡುವ ಜಾಗವನ್ನು ಮೊದಲು ಸುತ್ತಿಗೆಯಿಂದ ತಟ್ಟಿ ನೋಡಬೇಕು.

2. ಬ್ರೇಕು

ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರದ ಬ್ರೇಕುಗಳಿಗೆ ಸೇರಿ ಎಣ್ಣೆಯ ದಾರಿ ಒಂದೇ. ಎಲ್ಲಿಯೋ ಒಂದು ಕೊಳವೆ ತುಕ್ಕು ಹಿಡಿದು ತೂತಾದರೆ ನಾಲ್ಕೂ ಚಕ್ರಗಳ ಹಿಡಿತ ಒಟ್ಟಿಗೇ ಹೋಗುತ್ತದೆ. ಸಮತಟ್ಟು ರಸ್ತೆಯಲ್ಲಿ ಹೇಗೋ ಪಾರಾಗಬಹುದು. ಆಗುಂಬೆಯ 14 ತಿರುವುಗಳಲ್ಲಿಯೋ ಚಾರ್ಮಾಡಿಯ ಇಳಿಜಾರಿನಲ್ಲಿಯೋ ಹಾಗಾದರೆ ಗತಿಯೇನು?

ಬ್ರೇಕ್ ಎಣ್ಣೆಯ ಬದಲಿಗೆ ಎಂಜಿನ್ ಎಣ್ಣೆಯನ್ನೋ ಕೈಗೆ ಸಿಕ್ಕ ಬೇರೆ ಎಣ್ಣೆಯನ್ನೋ ಹಾಕಿದರೆ ಒಳಗಿನ ರಬ್ಬರ್ ವಾಷರುಗಳು ಉಬ್ಬಿ ಕೆಡುತ್ತವೆ. ಅಲ್ಲದೆ ಬ್ರೇಕ್ ಎಣ್ಣೆಯು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಎಣ್ಣೆಗೆ ಅದೇ ನಿಯಮ 140 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕು ಕಾಯ್ದು ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿ ತುಂಬಿ ಪೆಡಲು ನೆಲಕ್ಕೆ ಕೂರುತ್ತದೆ. ಮುಚ್ಚಳ ತೆರೆದು ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟ ಡಬ್ಬಿಯ ಎಣ್ಣೆಯನ್ನು ನಮ್ಮ ಮಲೆನಾಡಿನ ಹವೆಯಲ್ಲಿ ಬಳಸಲೇ ಕೂಡದು.

ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಹೆಚ್ಚು. ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಪಂಪಿನ ಗಾಳಿಯಿಂದಾಗಲಿ ಊದಬೇಡಿ. ಆ ಧೂಳು ಶ್ವಾಸಕೋಶದಲ್ಲಿ ಕುಳಿತು, ಹತ್ತಾರು ವರ್ಷಗಳ ನಂತರ ರೋಗವಾಗಿ ಕಾಣಿಸಿಕೊಳ್ಳುವಂಥದ್ದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಬೇಕು.

3. ಪೆಟ್ರೋಲು

ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಪೆಟ್ರೋಲಿನಿಂದ ಬೆಂಕಿ ಹಿಡಿಯುವಷ್ಟು ಆವಿ ಏಳುತ್ತದೆ. ಈ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಲೆ ಹೋಗದೆ ನೆಲದ ಮೇಲೆ ಹರಿದು ರಿಪೇರಿ ಗುಂಡಿಯಲ್ಲಿ ನಿಲ್ಲುತ್ತದೆ. ಗುಂಡಿಯಲ್ಲಿ ಇಳಿಬಿಟ್ಟ ಬಲ್ಬು ಒಡೆದರೆ ಅಷ್ಟೇ ಸಾಕು. ನಿಂತ ಎಂಜಿನ್ನನ್ನು ಎಬ್ಬಿಸಲು ಕಾರ್ಬೊರೇಟರಿಗೆ ಮೇಲಿಂದ ಪೆಟ್ರೋಲು ಸುರಿಯುತ್ತ ಒಬ್ಬರು ನಿಲ್ಲುವುದು, ಇನ್ನೊಬ್ಬರು ಸ್ಟಾರ್ಟ್ ಮಾಡುವುದು ನಮ್ಮಲ್ಲಿ ಸಾಮಾನ್ಯ. ಎಂಜಿನ್ ಹಿಮ್ಮೊಗವಾಗಿ ಸಿಡಿದರೆ ಬೆಂಕಿ ಸುರಿಯುವವರ ಮುಖಕ್ಕೇ ಬರುತ್ತದೆ. ಕೊಳವೆಯಿಂದ ಬಾಯಲ್ಲಿ ಪೆಟ್ರೋಲು ಎಳೆಯುವುದೂ ಬೇಡ. ಗುಟುಕು ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ.

ಇನ್ನೊಂದು ಹೊಸ ಸಂಗತಿ. ದೇಶದಲ್ಲಿ ಪೆಟ್ರೋಲಿಗೆ ಶೇಕಡಾ 20 ಎಥೆನಾಲ್ ಬೆರೆಸುವ ಗುರಿ 2025ರಲ್ಲಿ ಮುಟ್ಟಿತು. ಹಳೆಯ ಕಾರುಗಳ ರಬ್ಬರ್ ಕೊಳವೆ, ಪಂಪಿನ ಪೊರೆ, ಗ್ಯಾಸ್ಕೆಟುಗಳು ಇಂಥ ಮಿಶ್ರಣಕ್ಕೆಂದು ಮಾಡಿದವಲ್ಲ. ಅವು ಮೆತ್ತಗಾಗಿ ಒಸರಬಹುದು. ಎಥೆನಾಲ್ ನೀರನ್ನು ಸೆಳೆಯುತ್ತದಾದ್ದರಿಂದ ಮಳೆಗಾಲವಿಡೀ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ಕೂರಬಹುದು. ಮಳೆ ಕಳೆದು ಮೊದಲ ಸಲ ಗಾಡಿ ತೆಗೆಯುವ ಮುನ್ನ ಕೊಳವೆಯುದ್ದಕ್ಕೂ ಕೈಯಾಡಿಸಿ, ವಾಸನೆ ನೋಡಿ, ಶಂಕೆ ಬಂದ ಕೊಳವೆಯನ್ನು ಬದಲಿಸಿಕೊಳ್ಳಬೇಕು.

4. ಬ್ಯಾಟರಿ ಮತ್ತು ವೈರು

ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಒಂದು ಕಿಡಿ ಬಿದ್ದರೆ ಬ್ಯಾಟರಿ ಸಿಡಿದು ಆಮ್ಲ ಕಣ್ಣಿಗೆ ಬೀಳುತ್ತದೆ. ಬಿಚ್ಚುವಾಗ ಗಾಡಿಯ ಬಾಡಿಗೆ ಸೇರಿದ ವೈರನ್ನು ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಬೇಕು. ತೀರ ಹಳೆಯ ಕೆಲವು ಗಾಡಿಗಳಲ್ಲಿ ಬಾಡಿಗೆ ಸೇರಿರುವುದು ಧನ ತುದಿ. ಆದ್ದರಿಂದ ಊಹೆಯಿಂದ ಮುಂದುವರಿಯದೆ ಕಣ್ಣಾರೆ ನೋಡಿಕೊಳ್ಳಬೇಕು.

ಫ್ಯೂಸು ಪದೇ ಪದೇ ಹೋಗುತ್ತದೆಂದು ತಾಮ್ರದ ತಂತಿ ಕಟ್ಟುವುದು ನಮ್ಮ ದೊಡ್ಡ ಜಾಡ್ಯ. ಫ್ಯೂಸು ಹೋಗುವುದು ಕಾಯಿಲೆಯಲ್ಲ, ಕಾಯಿಲೆಯ ಸೂಚನೆ. ತಂತಿ ಕಟ್ಟಿದರೆ ಫ್ಯೂಸಿನ ಬದಲು ವೈರೇ ಉರಿಯುತ್ತದೆ, ವೈರಿನೊಂದಿಗೆ ಗಾಡಿಯೂ.

5. ಬಿಸಿನೀರು, ಹೊಗೆ, ಸ್ಪ್ರಿಂಗು

ರೇಡಿಯೇಟರಿನ ಮುಚ್ಚಳ ಒತ್ತಡವನ್ನು ಹಿಡಿದಿಡುವುದರಿಂದ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದ ಕ್ಷಣ ಕುದಿದು ಚಿಮ್ಮುತ್ತದೆ. ಕೈಯಲ್ಲಿ ಮುಟ್ಟಲಾಗುವಷ್ಟು ತಣಿಯುವವರೆಗೆ ಕಾಯಬೇಕು.

ಜಡಿಮಳೆಯೆಂದು ಶೆಡ್ಡಿನ ಬಾಗಿಲು ಮುಚ್ಚಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿತೆಂದು ತಿಳಿಯುವಷ್ಟರಲ್ಲಿ ಎದ್ದು ಹೊರಗೆ ಬರುವ ಶಕ್ತಿ ಉಡುಗಿರುತ್ತದೆ.

ಹಳೆಯ ಅಂಬಾಸಡರಿನ ಮುಂದಿನ ಚಕ್ರಗಳ ಭಾರ ಹೊರುವುದು ಟಾರ್ಷನ್ ಬಾರ್ ಎಂಬ ತಿರುಚಿಟ್ಟ ಉಕ್ಕಿನ ಸರಳು. ಅದು ಬಿಗಿದ ಬಿಲ್ಲಿನಂತೆ. ತಿಳಿಯದೆ ಬೋಲ್ಟು ಸಡಿಲಿಸಿದರೆ ತೋಳು ಸಿಡಿದು ಕೈಕಾಲು ಮುರಿಯುತ್ತದೆ.

ಹಾಗಾದರೆ ನಾವು ಮಾಡಬಹುದಾದದ್ದೇನು?

ಎಂಜಿನ್ ಎಣ್ಣೆ ಬದಲಿಸುವುದು, ಗ್ರೀಸು ತುಂಬುವುದು, ಪ್ಲಗ್ಗು ಮತ್ತು ಪಾಯಿಂಟು ಉಜ್ಜುವುದು, ಏರ್ ಫಿಲ್ಟರ್ ತೊಳೆಯುವುದು, ಬೆಲ್ಟು ಹಾಗೂ ಟೈರಿನ ಗಾಳಿ ನೋಡುವುದು, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು, ತುಕ್ಕು ಕೆರೆದು ಬಣ್ಣ ಬಳಿಯುವುದು. ಇವಿಷ್ಟನ್ನು ಶ್ರದ್ಧೆಯಿಂದ ಮಾಡಿದರೆ ಗಾಡಿಯ ಆಯುಷ್ಯ ತಾನಾಗಿ ಬೆಳೆಯುತ್ತದೆ. ಬ್ರೇಕು, ಸ್ಟೀರಿಂಗು, ಸಸ್ಪೆನ್ಷನ್ ಮತ್ತು ಟ್ಯಾಂಕಿನ ವೆಲ್ಡಿಂಗ್, ಈ ನಾಲ್ಕನ್ನು ಬಲ್ಲವರಿಗೇ ಬಿಡಬೇಕು. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯಕಾರಿ ಎಂಬುದನ್ನು ಮರೆಯದಿರಿ.

ಕೆಲಸ ಮಾಡುವಾಗ ಒಬ್ಬರೇ ಇರಬೇಡಿ. ಕೂಗಿದರೆ ಕೇಳುವಷ್ಟು ದೂರದಲ್ಲಿ ಮತ್ತೊಬ್ಬರಿರಲಿ. ಒಣ ಪುಡಿಯ ಅಗ್ನಿಶಾಮಕವೊಂದು, ಒಂದು ಬಕೆಟ್ ಒಣ ಮರಳು ಶೆಡ್ಡಿನ ಬಾಗಿಲಲ್ಲಿರಲಿ. ಪೆಟ್ರೋಲಿನ ಬೆಂಕಿಗೆ ನೀರು ಹಾಕಿದರೆ ಅದು ಹರಡುತ್ತದೆ.

ಅಡಿಕೆ ಕೊಯ್ಯುವವನು ಮರ ಹತ್ತುವ ಮುನ್ನ ತನ್ನ ತಳೆಯನ್ನು ಎಳೆದು ನೋಡುತ್ತಾನೆ. ಅದು ಅವನೊಬ್ಬನ ಜೀವದ ಪ್ರಶ್ನೆ. ನಾವು ರಿಪೇರಿ ಮಾಡಿದ ಗಾಡಿಯಲ್ಲಿ ಕೂರುವವರು ನಮ್ಮ ಮಕ್ಕಳು, ವಯಸ್ಸಾದ ತಾಯಿತಂದೆ, ತೋಟದ ಆಳುಮಕ್ಕಳು. ಅವರು ನಮ್ಮ ಕೆಲಸವನ್ನು ಪರೀಕ್ಷಿಸಿ ಕೂರುವುದಿಲ್ಲ, ನಮ್ಮನ್ನು ನಂಬಿ ಕೂರುತ್ತಾರೆ. ಬರುವ ಮಳೆಗಾಲಕ್ಕೆ ಮುನ್ನ ಸದಸ್ಯರೆಲ್ಲರೂ ತಮ್ಮ ಗಾಡಿಯ ಬ್ರೇಕ್ ಕೊಳವೆಗಳನ್ನು ಒಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಕೋರುತ್ತೇವೆ.