ಬಡಾವಣೆಯ ಗ್ರಂಥಾಲಯ ನಿಮ್ಮದೇ

ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ಸೇರಿರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿಕೊಟ್ಟ ಏರ್ಪಾಡು ಅದು. ಹಾಗಾಗಿ ಸಂಕೋಚಪಡದೆ ಒಳಗೆ ಹೋಗಿ. ಕೂತು ಪತ್ರಿಕೆ ಓದಲು ಶುಲ್ಕವಿಲ್ಲ. ಪುಸ್ತಕ ಮನೆಗೆ ಒಯ್ಯಬೇಕೆಂದರೆ ವಿಳಾಸದ ದಾಖಲೆ ಕೊಟ್ಟು, ಸಣ್ಣ ಠೇವಣಿ ಇಟ್ಟು ಸದಸ್ಯರಾಗಿ. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರವಿದೆ. ಮಕ್ಕಳನ್ನೂ ಕರೆದೊಯ್ಯಿರಿ, ತಮಗೆ ಬೇಕಾದ ಪುಸ್ತಕವನ್ನು ಅವರೇ ಆರಿಸಿಕೊಳ್ಳಲಿ.

ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ. ಆಗ ಪ್ರೇಕ್ಷಕರಾಗಿಯಷ್ಟೇ ಹೋಗಬೇಡಿ. ಮಕ್ಕಳಿಗೆ ಕಥೆ ಹೇಳಲು, ಪರೀಕ್ಷೆಗೆ ಓದುವವರಿಗೆ ಗಣಿತ ಹೇಳಿಕೊಡಲು ಮುಂದೆ ಬನ್ನಿ. ಬೇಕಾದ ಪುಸ್ತಕ ಇಲ್ಲದಿದ್ದರೆ ಸುಮ್ಮನೆ ಮರಳದೆ, ಹೆಸರು ಬರೆದು ಗ್ರಂಥಪಾಲಕರ ಕೈಗೆ ಕೊಡಿ. ಓದುಗರು ಬಂದು ಕೇಳಿದಷ್ಟೂ ಗ್ರಂಥಾಲಯ ಬೆಳೆಯುತ್ತದೆ.