ಹಣ್ಣು ಮಾಗಿಸುವ ಎಥಿಲೀನ್

ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕುವುದು, ಬಾಳೆಗೊನೆಗೆ ಹೊಗೆ ಕೊಡುವುದು ನಮ್ಮ ರೈತರಿಗೆ ಹೊಸದಲ್ಲ. ಎರಡರಲ್ಲಿಯೂ ಕೆಲಸ ಮಾಡುವುದು ಎಥಿಲೀನ್ ಎಂಬ ಅನಿಲ. ಅಡೆಯಲ್ಲಿ ಕಾಯಿಗಳೇ ಅದನ್ನು ಬಿಡುತ್ತವೆ. ಹೊಗೆಯಲ್ಲಿ ಅದು ಅಲ್ಪ ಪ್ರಮಾಣದಲ್ಲಿರುತ್ತದೆ. ಮಾಗುವ ಸೇಬು ಈ ಅನಿಲವನ್ನು ಬಿಡುತ್ತದೆಂದು ಇಂಗ್ಲೆಂಡಿನ ವಿಜ್ಞಾನಿ ಆರ್. ಗೇನ್ 1934ರಲ್ಲಿ ತೋರಿಸಿದರು.

ಎಥಿಲೀನ್ ಎಂದರೇನು?

ಇಂಗಾಲ ಮತ್ತು ಜಲಜನಕ ಮಾತ್ರ ಇರುವ ವಸ್ತುಗಳೇ ಹೈಡ್ರೋಕಾರ್ಬನ್‌ಗಳು. ಇಂಗಾಲದ ಪ್ರತಿ ಪರಮಾಣುವಿಗೆ ನಾಲ್ಕು ಬಂಧಗಳು. ಈಥೇನ್ ಅನಿಲದಲ್ಲಿ ಎರಡು ಇಂಗಾಲಗಳ ನಡುವೆ ಒಂದೇ ಬಂಧವಿದ್ದು, ಆರು ಜಲಜನಕಗಳು ಸೇರಿರುತ್ತವೆ. ಇನ್ನು ಸೇರಲು ಎಡೆಯಿಲ್ಲ, ಇದು ಪರ್ಯಾಪ್ತ. ಎಥಿಲೀನ್‌ನಲ್ಲಿ ಇಂಗಾಲಗಳ ನಡುವೆ ದ್ವಿಬಂಧವಿದೆ, ಜಲಜನಕಗಳು ನಾಲ್ಕೇ. ಆದ್ದರಿಂದ ಇದು ಅಪರ್ಯಾಪ್ತ. ಎರಡನೆಯ ಬಂಧವು ಮೊದಲನೆಯದರಷ್ಟು ಬಿಗಿಯಲ್ಲ. ಬೇರೆ ವಸ್ತುಗಳೊಡನೆ ಸುಲಭವಾಗಿ ಕೂಡುತ್ತದೆ. ಕಾಯಿಯ ಜೀವಕೋಶದಲ್ಲಿ ಎಥಿಲೀನನ್ನು ಗುರುತಿಸುವ ಪ್ರೋಟೀನಿನ ತಾಮ್ರಕ್ಕೆ ಅದು ಅಂಟುವುದು ಈ ಬಂಧದಿಂದಲೇ. ಆಗ ಪಿಷ್ಟವು ಸಕ್ಕರೆಯಾಗುತ್ತದೆ, ಹಸಿರು ಕಳೆದು ಬಣ್ಣ ಬರುತ್ತದೆ, ತಿರುಳು ಮೆದುವಾಗುತ್ತದೆ.

ಕಾರ್ಬೈಡ್ ಏಕೆ ಬೇಡ?

ಕ್ಯಾಲ್ಸಿಯಂ ಕಾರ್ಬೈಡಿಗೆ ತೇವ ತಗುಲಿದರೆ ಅಸಿಟಿಲೀನ್ ಹೊರಡುತ್ತದೆ. ಇದರಲ್ಲಿರುವುದು ತ್ರಿಬಂಧ. ಇದೂ ಹಣ್ಣು ಮಾಗಿಸುತ್ತದೆ, ಆದರೆ ಎಥಿಲೀನ್‌ಗಿಂತ ಬಹಳ ಹೆಚ್ಚು ಬೇಕು. ಮೇಲಾಗಿ ಕಾರ್ಬೈಡಿನಲ್ಲಿ ಆರ್ಸೆನಿಕ್ ಮತ್ತು ರಂಜಕದ ವಿಷಾಂಶಗಳಿರುತ್ತವೆ. ತಿನ್ನುವವರಿಗೂ ಹಣ್ಣು ತುಂಬುವ ಕೂಲಿಗಳಿಗೂ ಅಪಾಯ. 2011ರ ಆಹಾರ ಸುರಕ್ಷತಾ ನಿಯಮಗಳಂತೆ ಕಾರ್ಬೈಡಿನಿಂದ ಮಾಗಿಸಿದ ಹಣ್ಣಿನ ಮಾರಾಟ ನಿಷಿದ್ಧ. ಎಥಿಲೀನ್ ಅನಿಲವನ್ನು 100 ಪಿಪಿಎಂವರೆಗೆ ಬಳಸಲು 2016ರಲ್ಲಿ ಅನುಮತಿ ದೊರೆಯಿತು.

ಅನುಸರಿಸಬೇಕಾದ ಕ್ರಮ

1. ಚೆನ್ನಾಗಿ ಬಲಿತ ಕಾಯಿಗಳನ್ನು ಮಾತ್ರ ಆರಿಸಿರಿ. ದ್ರಾಕ್ಷಿ, ದಾಳಿಂಬೆ ಕೊಯ್ದ ಮೇಲೆ ಮಾಗುವುದಿಲ್ಲ.

2. ಕೋಣೆಯ ಉಷ್ಣತೆ ಬಾಳೆಗೆ 16–18, ಮಾವಿಗೆ 20–22 ಡಿಗ್ರಿ ಸೆಲ್ಸಿಯಸ್ ಇರಲಿ. ತೇವಾಂಶ ಸುಮಾರು ಶೇ. 90 ಇರಲಿ.

3. ಮೂರು ಮೀಟರ್ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ 27,000 ಲೀಟರ್ ಗಾಳಿ ಹಿಡಿಯುತ್ತದೆ. 100 ಪಿಪಿಎಂಗೆ 2.7 ಲೀಟರ್ ಎಥಿಲೀನ್ ಸಾಕು.

4. ಸುಮಾರು 24 ಗಂಟೆಗಳ ನಂತರ ಬಾಗಿಲು ತೆರೆದು ಗಾಳಿಯಾಡಿಸಿರಿ. ಇಂಗಾಲದ ಡೈ ಆಕ್ಸೈಡ್ ಕೂಡಿದರೆ ಮಾಗುವುದು ತಡವಾಗುತ್ತದೆ.

5. ಗಾಳಿಯಲ್ಲಿ ಎಥಿಲೀನ್ ಶೇ. 2.7 ಮುಟ್ಟಿದರೆ ಕಿಡಿ ತಗುಲಿ ಸ್ಫೋಟವಾಗಬಹುದು. ಸಿಲಿಂಡರಿನ ಬಳಿ ಬೀಡಿ, ದೀಪ ಸಲ್ಲದು.

ಮನೆಬಳಕೆಗೆ ಇಷ್ಟೆಲ್ಲ ಬೇಕಿಲ್ಲ. ಅಡೆಯ ನಡುವೆ ಒಂದೆರಡು ಮಾಗಿದ ಬಾಳೆಹಣ್ಣು ಇಟ್ಟರೆ ಅವು ಬಿಡುವ ಎಥಿಲೀನ್ ಉಳಿದವನ್ನೂ ಮಾಗಿಸುತ್ತದೆ. ಬಲಿಯದ ಕಾಯಿಗೆ ಎಥಿಲೀನ್ ಕೊಟ್ಟರೆ ಬಣ್ಣ ಬಂದೀತು, ರುಚಿ ಬಾರದು.