ಕಾಫಿ ತೊಟ್ಟಿಯ ಯೀಸ್ಟ್‌ಗೆ ಹೆಸರು ಹಿಡಿಯುವ ಬಗೆ

ಪಲ್ಪರಿನಿಂದ ಇಳಿದ ಅರೇಬಿಕಾ ಬೀಜವನ್ನು ತೊಟ್ಟಿಯಲ್ಲಿ ಒಂದು, ಒಂದೂವರೆ ದಿನ ಬಿಟ್ಟು ಅಂಗೈಯಲ್ಲಿ ಉಜ್ಜಿ ನೋಡುತ್ತೇವೆ. ಲೋಳೆ ಬಿಟ್ಟು ಗರಗರ ಎಂದರೆ ತೊಳೆಯಲು ಹದ. ಈ ಲೋಳೆ ಕರಗಿಸುವ ಕೆಲಸದಲ್ಲಿ ಬ್ಯಾಕ್ಟೀರಿಯಾಗಳ ಜೊತೆಗೆ ಯೀಸ್ಟ್‌ಗಳ ಪಾಲೂ ಇದೆ. ಈಗ ತೊಟ್ಟಿಗೆ ಹಾಕಲೆಂದೇ ಯೀಸ್ಟ್ ಪುಡಿಯ ಪೊಟ್ಟಣಗಳು ಮಾರಾಟಕ್ಕೆ ಬಂದಿರುವುದರಿಂದ, ಅದು ಯಾವ ಯೀಸ್ಟ್ ಎಂದು ಕೇಳುವುದನ್ನು ನಾವು ಕಲಿಯಬೇಕಾಗಿದೆ.

ಹಿಂದೆ ಯೀಸ್ಟನ್ನು ಗುರುತಿಸುತ್ತಿದ್ದುದು ಸೂಕ್ಷ್ಮದರ್ಶಕದಲ್ಲಿ ಕಾಣುವ ಆಕಾರದಿಂದ, ಮತ್ತು ಯಾವ ಯಾವ ಸಕ್ಕರೆಯನ್ನು ಹುದುಗಿಸುತ್ತದೆ ಎಂಬುದರಿಂದ. ಇದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ಎಳೆಯ ಅಡಿಕೆ ಸಸಿ ನೋಡಿ ಮಂಗಳವೋ ಊರಿನ ತಳಿಯೋ ಎಂದು ಹೇಳಹೊರಟಂತೆ ಎಡವುವುದೂ ಇತ್ತು. 1966ರಲ್ಲಿ ನಮ್ಮ ದೇಶದ ವಿಜ್ಞಾನಿಗಳಾದ ಅಗಟೆ ಮತ್ತು ಭಟ್ ಅವರು ರೊಬಸ್ಟಾ ಹಣ್ಣಿನ ಲೋಳೆ ಕರಗಿಸುವ ಯೀಸ್ಟ್‌ಗಳನ್ನು ವರದಿ ಮಾಡಿದರು. ಅವುಗಳಲ್ಲೊಂದು ಸ್ಯಾಕರೊಮೈಸಿಸ್ ಮಾರ್ಕ್ಸಿಯಾನಸ್. ಇಂದು ಅದರ ಹೆಸರು ಕ್ಲೂವೆರೊಮೈಸಿಸ್ ಮಾರ್ಕ್ಸಿಯಾನಸ್. ಇದರ ಬೀಜಕ ಬಿಡದ ರೂಪಕ್ಕೆ ಕ್ಯಾಂಡಿಡಾ ಕೆಫಿರ್ ಎಂಬ ಮೂರನೆಯ ಹೆಸರೂ ಇತ್ತು. ಯೀಸ್ಟ್ ಒಂದೇ, ಖಾತೆ ಮೂರು!

ಈಗಿನ ವಿಧಾನದಲ್ಲಿ ನೋಡುವುದು ಡಿಎನ್‌ಎಯನ್ನು. ತೊಟ್ಟಿಯ ನೀರನ್ನು ತಟ್ಟೆಯ ಮೇಲೆ ಹರಡಿ, ಬೆಳೆದ ಒಂದು ಗುಂಪಿನಿಂದ ಡಿಎನ್‌ಎ ಬಿಡಿಸುತ್ತಾರೆ. ರೈಬೋಸೋಮಿನ ಜೀನಿನಲ್ಲಿ ಡಿ1/ಡಿ2 ಎಂಬ ಸುಮಾರು 600 ಅಕ್ಷರಗಳ ಭಾಗವಿದೆ. ಪಿಸಿಆರ್ ಯಂತ್ರ ಕಾಯಿಸಿ ತಣಿಸಿ ಅದನ್ನು ದುಪ್ಪಟ್ಟು ಮಾಡುತ್ತಾ ಹೋಗುತ್ತದೆ. ಒಂದು ಪ್ರತಿ 30 ಸುತ್ತಿನಲ್ಲಿ, ಲೆಕ್ಕದ ಮೇಲೆ, ನೂರು ಕೋಟಿ ಮೀರುತ್ತದೆ. ಆಮೇಲೆ ಅಕ್ಷರಗಳನ್ನು ಓದಿ, ಗೊತ್ತಿರುವ ಯೀಸ್ಟ್‌ಗಳ ಪಟ್ಟಿಯೊಡನೆ ತಾಳೆ ನೋಡುತ್ತಾರೆ. ಕರ್ಟ್ಸ್‌ಮನ್ ಮತ್ತು ರಾಬ್ನೆಟ್ 1998ರಲ್ಲಿ ತೋರಿಸಿದಂತೆ, ವ್ಯತ್ಯಾಸ 3 ಅಕ್ಷರಗಳೊಳಗಿದ್ದರೆ ಸಾಮಾನ್ಯವಾಗಿ ಒಂದೇ ಪ್ರಭೇದ. 6 ಅಥವಾ ಹೆಚ್ಚಾದರೆ ಬೇರೆ. ನಡುವಿನದಕ್ಕೆ ಐಟಿಎಸ್ ಎಂಬ ಇನ್ನೊಂದು ಭಾಗವನ್ನೂ ಓದುವುದು ಒಳ್ಳೆಯದು.

ಟಾಂಜಾನಿಯಾದ ಅರೇಬಿಕಾದಲ್ಲಿ ಈ ವಿಧಾನ ಬಳಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಹುದುಗುವಾಗ ಹ್ಯಾನ್ಸೆನಿಯಾಸ್ಪೊರಾ ಯುವೇರಮ್ ಹೆಚ್ಚಾಗಿದ್ದು, ಒಣಗಿಸುವಾಗ ಕಡಿಮೆಯಾಗಿತ್ತು. ಕಣದಲ್ಲಿ ಪಿಕಿಯಾ ಅನೋಮಲಾ ಹೆಚ್ಚಾಗಿತ್ತು. ಮುಂದೆ ಪ್ರಯೋಗಾಲಯದಲ್ಲಿ ಈ ಯೀಸ್ಟ್‌ಗಳು ಓಕ್ರಾಟಾಕ್ಸಿನ್ ಎಂಬ ವಿಷ ಉಂಟುಮಾಡುವ ಬೂಷ್ಟನ್ನು ತಡೆದುದೂ ಕಂಡುಬಂತು. ಯುರೋಪಿನ ಒಕ್ಕೂಟ ಹುರಿದ ಕಾಫಿಯಲ್ಲಿ ಈ ವಿಷದ ಮಿತಿಯನ್ನು 2023ರಿಂದ ಕಿಲೋಗೆ 5 ಮೈಕ್ರೋಗ್ರಾಮಿನಿಂದ 3ಕ್ಕೆ ಇಳಿಸಿರುವುದರಿಂದ ಇದು ನಮ್ಮ ಬೆಲೆಯ ಮಾತೂ ಹೌದು. ಹಾಗೆಂದು ಪೊಟ್ಟಣವನ್ನು ನಂಬಿ ಕಣದಲ್ಲಿ ಕಾಫಿಯನ್ನು ದಪ್ಪವಾಗಿ ಹರಡುವಂತಿಲ್ಲ.

ಇನ್ನೊಂದು ಮಾತು. ಡಿ1/ಡಿ2 ಹೇಳುವುದು ಪ್ರಭೇದದ ಹೆಸರನ್ನು ಮಾತ್ರ. ಒಂದೇ ಪ್ರಭೇದದೊಳಗಿನ ಎರಡು ತಳಿಗಳಲ್ಲಿ ಒಂದು ಒಳ್ಳೆಯ ಪರಿಮಳ ಕೊಟ್ಟು, ಇನ್ನೊಂದು ಸಪ್ಪೆಯಾಗಬಹುದು. ಆದ್ದರಿಂದ ಪೊಟ್ಟಣ ಕೊಳ್ಳುವವರು ಪ್ರಭೇದದ ಹೆಸರಿನ ಜೊತೆಗೆ ತಳಿಯ ಸಂಖ್ಯೆಯನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಮೊದಲ ಸಲ ಒಂದೇ ತೊಟ್ಟಿಗೆ ಹಾಕಿ, ಅದೇ ದಿನದ ಹಣ್ಣಿನ ಇನ್ನೊಂದು ತೊಟ್ಟಿಯನ್ನು ಹಾಗೆಯೇ ಬಿಟ್ಟು, ಎರಡನ್ನೂ ಬೇರೆ ಬೇರೆ ಒಣಗಿಸಿ ಕುಡಿದು ನೋಡಿ.